ಲಾಕ್‌ಡೌನ್‌ನಲ್ಲಿ ಗಾಳಿ ನಿಜಕ್ಕೂ ಶುದ್ಧವಾಗಿತ್ತಾ? ಗುಂಪಿನ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಈ ವಾರ ನಮ್ಮ ಜೊತೆ ಇರುವ ಮೇಡಂ ಹದಿನೈದು ವರ್ಷಗಳಿಂದ ನಗರಗಳ ಗಾಳಿ ಅಳೆಯುವ ಕೆಲಸ ಮಾಡುತ್ತಿದ್ದಾರೆ. 2020ರ ಲಾಕ್‌ಡೌನ್ ದಿನಗಳ ಗಾಳಿಯ ಬಗ್ಗೆ ಗುಂಪಿನಲ್ಲಿ ತುಂಬಾ ಚರ್ಚೆ ಆಗಿತ್ತು. ಪ್ರಶ್ನೆಗಳನ್ನು ಇಲ್ಲೇ ಕೇಳಿ.

ಪ್ರಶ್ನೆ (ಬಾಪೂಜಿನಗರದ ಒಬ್ಬ ತಾಯಿ): ಮೇಡಂ, ನನ್ನ ಮಗನಿಗೆ ಚಿಕ್ಕಂದಿನಿಂದ ಉಬ್ಬಸ. ಮನೆ ಮೈಸೂರು ರಸ್ತೆಗೆ ಹತ್ತಿರ. 2020ರ ಏಪ್ರಿಲ್, ಮೇ ತಿಂಗಳಲ್ಲಿ ಅವನಿಗೆ ಒಂದು ಸಲವೂ ನೆಬ್ಯುಲೈಸರ್ ಹಾಕಲಿಲ್ಲ. ಕಿಟಕಿ ಸರಳಿನ ಮೇಲೆ ಕೂರುತ್ತಿದ್ದ ಕಪ್ಪು ಮಸಿಯೂ ಕಾಣಲಿಲ್ಲ. ಅಷ್ಟು ಬೇಗ ಗಾಳಿ ಸರಿಹೋಗುತ್ತಾ?

ಉತ್ತರ: ಹೌದಮ್ಮ, ಕೆಲವು ವಿಷಗಳು ಅಷ್ಟೇ ಬೇಗ ಹೋಗುತ್ತವೆ. ನೀವು ಕಿಟಕಿಯಲ್ಲಿ ನೋಡಿದ್ದು ಸುಳ್ಳಲ್ಲ.

ಮಾರ್ಚ್ 25ರಂದು ದೇಶ ಬಾಗಿಲು ಹಾಕಿತು. ಆ ವಾರ ನಾನು ಮನೆಯಿಂದಲೇ ನಗರದ ಮಾಪನ ಕೇಂದ್ರಗಳ ಅಂಕಿಗಳನ್ನು ನೋಡುತ್ತಿದ್ದೆ. ಮಾಮೂಲಿ ದಿನ, ಗಾಡಿ ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಅನ್ನುವ ವಿಷಾನಿಲದ ಗೆರೆ ಬೆಳಗ್ಗೆ ಎಂಟು ಒಂಬತ್ತಕ್ಕೆ ಒಂದು ಗುಡ್ಡ, ರಾತ್ರಿ ಎಂಟರ ಹೊತ್ತಿಗೆ ಇನ್ನೊಂದು ಗುಡ್ಡ ಏರುತ್ತದೆ. ಆಫೀಸಿಗೆ ಹೋಗುವ ಹೊತ್ತು, ಮನೆಗೆ ಬರುವ ಹೊತ್ತು. ಕೆಲವೇ ದಿನಗಳಲ್ಲಿ ಆ ಎರಡೂ ಗುಡ್ಡ ತಗ್ಗಿದವು. ಯಂತ್ರ ಕೆಟ್ಟಿತೇನೋ ಅಂತ ಮೊದಲು ಪರೀಕ್ಷಿಸಿದೆ. ಕೆಟ್ಟಿರಲಿಲ್ಲ.

ಆದರೆ ಮಗುವಿನ ವಿಷಯದಲ್ಲಿ ಒಂದು ಮಾತು. ಆ ತಿಂಗಳುಗಳಲ್ಲಿ ಅವನು ಶಾಲೆಗೆ ಹೋಗಿಲ್ಲ, ಬೇರೆ ಮಕ್ಕಳ ನೆಗಡಿ ಅಂಟಿಲ್ಲ. ಮಕ್ಕಳಲ್ಲಿ ಉಬ್ಬಸ ಕೆರಳಿಸುವುದರಲ್ಲಿ ನೆಗಡಿ ವೈರಸ್‌ಗಳದ್ದು ದೊಡ್ಡ ಪಾಲು. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಗಾಳಿಗೇ ಕೊಡಲಾರೆ. ಗಾಳಿಯ ಪಾಲೂ ಇತ್ತು ಅನ್ನುವುದು ಮಾತ್ರ ನನಗೆ ಖಂಡಿತ.

ಪ್ರಶ್ನೆ (ಪೀಣ್ಯದಲ್ಲಿ ಕೆಲಸ ಮಾಡುವ ಸದಸ್ಯರು): ಹಾಗಿದ್ದರೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಕಣ, ಯಾಕೆ ಅಷ್ಟು ಇಳಿಯಲಿಲ್ಲ ಮೇಡಂ? ಗಾಡಿ ಇಲ್ಲ, ಫ್ಯಾಕ್ಟರಿ ಇಲ್ಲ. ಪೂರ್ತಿ ಹೋಗಬೇಕಿತ್ತಲ್ವಾ?

ಉತ್ತರ: ಇದೇ ನನಗೆ ಬೇಕಿದ್ದ ಪ್ರಶ್ನೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಕೇಳಿ.

ನೈಟ್ರೋಜನ್ ಡೈಆಕ್ಸೈಡ್ ದಿನಗೂಲಿ ಇದ್ದ ಹಾಗೆ. ಇವತ್ತು ದುಡಿದದ್ದು ಇವತ್ತಿಗೇ ಮುಗಿಯುತ್ತದೆ. ಹಗಲು ಗಾಳಿಯಲ್ಲಿ ಅದರ ಆಯಸ್ಸು ಕೆಲವೇ ಗಂಟೆ. ನಗರದಲ್ಲಿ ಅದು ಬರುವುದು ಮುಖ್ಯವಾಗಿ ಇಂಜಿನ್‌ಗಳಿಂದ. ಗಾಡಿ ನಿಂತರೆ ಅದೂ ನಿಲ್ಲುತ್ತದೆ.

ಪಿಎಂ 2.5 ಹಾಗಲ್ಲ. ಇದು ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪದ ಇಪ್ಪತ್ತೈದು ಮೂವತ್ತರಲ್ಲಿ ಒಂದು ಪಾಲು ಅಂದುಕೊಳ್ಳಿ. ಮಳೆ ಬರದಿದ್ದರೆ ದಿನಗಟ್ಟಲೆ ತೇಲುತ್ತದೆ, ನೂರಾರು ಕಿಲೋಮೀಟರ್ ಸಾಗುತ್ತದೆ. ಅದಕ್ಕೆ ತವರುಮನೆಗಳೂ ಬಹಳ. ಗಾಡಿ ಹೊಗೆ ಒಂದು. ಸೌದೆ ಒಲೆ ಇನ್ನೊಂದು. ಲಾಕ್‌ಡೌನ್‌ನಲ್ಲಿ ಒಲೆ ಆರಲಿಲ್ಲ, ಎಲ್ಲರೂ ಮನೆಯಲ್ಲೇ ಇದ್ದರಲ್ಲ. ಕಸ ಸುಡುವುದು ಪೂರ್ತಿ ನಿಲ್ಲಲಿಲ್ಲ. ಕರೆಂಟಿಗೆ ಬೇಡಿಕೆ ಕುಸಿದರೂ ಕಲ್ಲಿದ್ದಲು ಸ್ಥಾವರಗಳು ನಡೆದವು, ಆಸ್ಪತ್ರೆಗೂ ಮನೆಗೂ ಕರೆಂಟ್ ಬೇಕಿತ್ತು. ಇವುಗಳ ಜೊತೆಗೆ, ಬಹಳ ಕಣಗಳು ಚಿಮಣಿಯಿಂದ ನೇರವಾಗಿ ಬರುವುದೇ ಇಲ್ಲ. ಗಂಧಕದ ಅನಿಲ, ಗೊಬ್ಬರ ಮತ್ತು ಸಗಣಿಯಿಂದ ಬರುವ ಅಮೋನಿಯ ಗಾಳಿಯಲ್ಲೇ ಬೆರೆತು ಕಣವಾಗುತ್ತವೆ.

ಇದಕ್ಕೆ ಬೀಜಿಂಗ್ ಒಳ್ಳೆಯ ಉದಾಹರಣೆ. ವುಹಾನ್ ಜನವರಿ 23ಕ್ಕೆ ಮುಚ್ಚಿತು. ಫೆಬ್ರವರಿಯಲ್ಲಿ ಉತ್ತರ ಚೀನಾದ ರಸ್ತೆಗಳು ಖಾಲಿ ಇದ್ದವು. ಉಪಗ್ರಹಗಳ ಚಿತ್ರದಲ್ಲಿ ಚೀನಾದ ಮೇಲಿನ ನೈಟ್ರೋಜನ್ ಡೈಆಕ್ಸೈಡ್ ಅಳಿಸಿ ಹಾಕಿದಂತೆ ಕಾಣುತ್ತಿತ್ತು. ಅದೇ ಫೆಬ್ರವರಿಯಲ್ಲಿ ಬೀಜಿಂಗ್‌ನಲ್ಲಿ ದಟ್ಟ ಹೊಗೆಮಂಜು ಕವಿಯಿತು. ಗಾಳಿ ಬೀಸಲಿಲ್ಲ, ತೇವ ಜಾಸ್ತಿ ಇತ್ತು, ಉಳಿದ ಅನಿಲಗಳೇ ಕಣಗಳಾಗಿ ಬಿಟ್ಟವು. ನಮ್ಮಲ್ಲಿ ದೆಹಲಿಯಲ್ಲೂ ಪಿಎಂ 2.5 ಹಿಂದಿನ ವರ್ಷಕ್ಕಿಂತ ಹತ್ತಿರ ಹತ್ತಿರ ಅರ್ಧ ಇಳಿಯಿತು. ಇಷ್ಟು ಇಳಿದದ್ದು ಸಣ್ಣ ಸಂಗತಿ ಅಲ್ಲ. ಆದರೆ ಇನ್ನರ್ಧ ಎಲ್ಲಿಂದ ಬಂತು ಅಂತ ನಾವು ಕೇಳಿಕೊಳ್ಳಲೇಬೇಕು.

ಪ್ರಶ್ನೆ (ದೆಹಲಿಯಲ್ಲಿರುವ ಕನ್ನಡಿಗರು): ಆ ಏಪ್ರಿಲ್‌ನಲ್ಲಿ ಪಂಜಾಬಿನ ಜಲಂಧರ್‌ನಿಂದ ಹಿಮಾಚಲದ ಧೌಲಾಧಾರ್ ಬೆಟ್ಟಗಳ ಹಿಮ ಕಾಣಿಸಿದ ಫೋಟೋ ಎಲ್ಲರೂ ಹಂಚಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಇಲ್ಲಿ ಮತ್ತೆ ಕಣ್ಣುರಿ. ಆರೇ ತಿಂಗಳಲ್ಲಿ ಎಲ್ಲ ವಾಪಸ್ ಬಂತಾ?

ಉತ್ತರ: ಬಂತು ಸರ್. ಆದರೆ ಏಪ್ರಿಲ್ ಮತ್ತು ನವೆಂಬರ್ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಏಪ್ರಿಲ್‌ನಲ್ಲಿ ನೆಲ ಕಾದು ಗಾಳಿ ಎರಡು ಕಿಲೋಮೀಟರ್‌ಗೂ ಮೇಲೆ ಏರಿ ಬೆರೆಯುತ್ತದೆ. ಉತ್ತರ ಭಾರತದ ಚಳಿಗಾಲದ ರಾತ್ರಿ ಅದೇ ಗಾಳಿ ಕೆಲವೇ ನೂರು ಮೀಟರ್ ಒಳಗೆ ಸಿಕ್ಕಿಬೀಳುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಉತ್ತರಕ್ಕೆ ಹಿಮಾಲಯದ ಗೋಡೆ ಬೇರೆ. ಅದರ ಮೇಲೆ ಪಂಜಾಬ್, ಹರಿಯಾಣದ ಕೂಳೆ ಸುಡುವ ಹೊಗೆ. ಲಾಕ್‌ಡೌನ್ ನವೆಂಬರ್‌ನಲ್ಲಿ ಬಂದಿದ್ದರೆ ಆ ಫೋಟೋಗಳು ಸಿಗುತ್ತಿದ್ದವು ಅಂತ ನಾನು ಹೇಳಲಾರೆ.

ಬೆಂಗಳೂರಿನವರೂ ಇದನ್ನು ಗಮನಿಸಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಮಾವಿನ ಮಳೆ ಬೀಳುತ್ತದೆ, ಒಂದೇ ಸಂಜೆಯಲ್ಲಿ ಧೂಳು ತೊಳೆದು ಹೋಗುತ್ತದೆ. 2020ರ ಏಪ್ರಿಲ್ ಅನ್ನು 2019, 2018ರ ಏಪ್ರಿಲ್ ಜೊತೆ ಹೋಲಿಸಿದರೆ ಮಾತ್ರ ಲಾಕ್‌ಡೌನಿನ ಪಾಲು ತಿಳಿಯುತ್ತದೆ. ಆಗಲೂ ಆಯಾ ವರ್ಷದ ಮಳೆ, ಗಾಳಿ ನೋಡಬೇಕು. ಜನವರಿ ಜೊತೆ ಹೋಲಿಸಿ ಇಷ್ಟು ಪರ್ಸೆಂಟ್ ಇಳಿಯಿತು ಅಂತ ಹಂಚಿದ ಪೋಸ್ಟ್‌ಗಳು ಆಗ ಬಹಳ ಓಡಾಡಿದವು. ಅವುಗಳಲ್ಲಿ ಹವಾಮಾನದ ಕೆಲಸವೂ ಸೇರಿಕೊಂಡಿತ್ತು.

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ): ಲಾಕ್‌ಡೌನ್‌ನಲ್ಲಿ ಓಝೋನ್ ಜಾಸ್ತಿ ಆಯಿತು ಅಂತ ಓದಿದೆ ಮೇಡಂ. ಗಾಡಿ ಕಡಿಮೆ ಆದರೆ ಅದು ಹೇಗೆ ಜಾಸ್ತಿ ಆಗುತ್ತದೆ?

ಉತ್ತರ: ನಿಜ ಪುಟ್ಟ. ಆಕಾಶದಲ್ಲಿ ಮೇಲಿರುವ ಓಝೋನ್ ಪದರ ನಮ್ಮನ್ನು ಕಾಯುತ್ತದೆ, ನೆಲದ ಹತ್ತಿರದ ಓಝೋನ್ ಉಸಿರಾಟಕ್ಕೆ ಕೆಟ್ಟದ್ದು. ವುಹಾನ್‌ನಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ ಓಝೋನ್ ಚೆನ್ನಾಗಿಯೇ ಏರಿತ್ತು. ನಮ್ಮ ದೇಶದ ಹಲವು ನಗರಗಳಲ್ಲೂ ಕಂಡಿತು. ಇಂಜಿನ್‌ನಿಂದ ಹೊಸದಾಗಿ ಬರುವ ನೈಟ್ರಿಕ್ ಆಕ್ಸೈಡ್ ಪಕ್ಕದಲ್ಲಿರುವ ಓಝೋನನ್ನು ತಿಂದು ಹಾಕುತ್ತದೆ. ಅದಕ್ಕೇ ದಟ್ಟಣೆಯ ರಸ್ತೆಯಲ್ಲಿ ಓಝೋನ್ ಕಡಿಮೆ. ಗಾಡಿ ನಿಂತಾಗ ತಿನ್ನುವವರು ಇಲ್ಲದೆ ಅದು ಉಳಿಯಿತು. ಪೆಟ್ರೋಲ್, ಪೇಂಟ್, ಗಿಡಮರಗಳಿಂದ ಬರುವ ಆವಿ ಮತ್ತು ಬಿಸಿಲು ಸೇರಿ ಅದನ್ನು ಹುಟ್ಟಿಸುತ್ತಲೇ ಇದ್ದವು. ಹಾಗಂತ ಗಾಡಿ ಹೊಗೆ ಒಳ್ಳೆಯದು ಅಂತ ಯಾರೂ ತಿಳಿಯಬಾರದು. ಹೊಗೆಯ ಜೊತೆಗೆ ಆ ಆವಿಗಳನ್ನೂ ತಗ್ಗಿಸಬೇಕು ಅನ್ನುವುದು ಇದರ ಅರ್ಥ.

ಅದೇ ವಿದ್ಯಾರ್ಥಿನಿ: ಹಾಗಾದರೆ ವಾರಕ್ಕೊಂದು ದಿನ ಲಾಕ್‌ಡೌನ್ ಮಾಡಿದರೆ?

ಉತ್ತರ: ಬೇಡ. ಮಂಗಳವಾರ ಇಳಿದದ್ದು ಬುಧವಾರ ವಾಪಸ್ ಬರುತ್ತದೆ, ಮೇಲೆ ಹೇಳಿದ ದಿನಗೂಲಿ ಲೆಕ್ಕ. ಆ 2020ರಲ್ಲಿ ನಿಜವಾದ ದಿನಗೂಲಿಯವರು ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆದುಹೋದದ್ದನ್ನು ನಾನು ಮರೆತಿಲ್ಲ. ಅವರ ಊಟ ಕಿತ್ತುಕೊಂಡು ನಗರದ ಗಾಳಿ ತೊಳೆಯುವುದು ನನಗೆ ಬೇಕಿಲ್ಲ.

ಅದೇ ಏಪ್ರಿಲ್ 1ರಂದು ಇನ್ನೊಂದು ಕೆಲಸ ಆಯಿತು, ಹೆಚ್ಚು ಜನ ಗಮನಿಸಲಿಲ್ಲ. ದೇಶಾದ್ಯಂತ ಬಿಎಸ್-6, ಅಂದರೆ ಗಾಡಿ ಹೊಗೆಗೆ ಮಿತಿ ಹಾಕುವ ಹೊಸ ನಿಯಮ, ಜಾರಿಗೆ ಬಂತು. ಪೆಟ್ರೋಲ್, ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಯಿತು. ಹೊಸ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಲಾಕ್‌ಡೌನ್ ತಂದ ಗಾಳಿ ವಾರಗಳಲ್ಲಿ ಹೋಯಿತು. ಈ ಬದಲಾವಣೆ ಇವತ್ತಿಗೂ ರಸ್ತೆಯಲ್ಲಿದೆ, ಹಳೆ ಗಾಡಿಗಳು ಕಳೆದಂತೆ ಅದರ ಫಲ ಹೆಚ್ಚುತ್ತದೆ. ನನ್ನ ನಂಬಿಕೆ ಇರುವುದು ಇಂಥದ್ದರ ಮೇಲೆ, ಬಸ್ಸಿನ ಮೇಲೆ, ಕಸ ಸುಡದಂತೆ ನೋಡಿಕೊಳ್ಳುವ ವಾರ್ಡಿನ ಮೇಲೆ.

ಪ್ರಶ್ನೆ (ಆಟೋ ಚಾಲಕರು, ಯಶವಂತಪುರ): ಅಕ್ಕ, ಗಾಳಿ ಅಂದ್ರೆ ಎಲ್ಲರೂ ನಮ್ಮ ಆಟೋನೇ ಬೈತಾರೆ. ಲಾಕ್‌ಡೌನಲ್ಲಿ ಎರಡು ತಿಂಗಳು ಗಾಡಿ ತೆಗೀಲಿಲ್ಲ. ನಿಜ ಹೇಳಿ, ಅಷ್ಟೂ ಹೊಗೆ ನಮ್ಮದೇನಾ?

ಉತ್ತರ: ಅಲ್ಲಣ್ಣ. ಗ್ಯಾಸಿನ ಆಟೋ ಡೀಸೆಲ್ ಲಾರಿಯಷ್ಟು ಮಸಿ ಉಗುಳುವುದಿಲ್ಲ. ಹಳೆಯ ಟೂ ಸ್ಟ್ರೋಕ್ ಇಂಜಿನ್, ಸರ್ವಿಸ್ ಆಗದ ಗಾಡಿ ಆದರೆ ಅದು ಬೇರೆ ಮಾತು. ಎಮಿಷನ್ ಟೆಸ್ಟ್ ಚೀಟಿಗೋಸ್ಕರ ಮಾತ್ರ ಮಾಡಿಸಬೇಡಿ, ಇಂಜಿನ್ ಸರಿಯಾಗಿ ನೋಡಿಸಿ. ನನಗೆ ನಿಮ್ಮ ಬಗ್ಗೆಯೇ ಕಾಳಜಿ ಜಾಸ್ತಿ. ದಿನಕ್ಕೆ ಹತ್ತು ಗಂಟೆ ಬಾಗಿಲಿಲ್ಲದ ಗಾಡಿಯಲ್ಲಿ, ಲಾರಿಯ ಸೈಲೆನ್ಸರ್ ಮುಂದೆ ಕೂರುವವರು ನೀವು. ಸಿಗ್ನಲ್‌ನಲ್ಲಿ ಲಾರಿ, ಬಸ್ಸಿನ ಹಿಂದೆ ಒಂದಿಷ್ಟು ಜಾಗ ಬಿಟ್ಟು ನಿಲ್ಲಿಸಿ. ಎನ್-95 ಮಾಸ್ಕ್ ಉಳಿದಿದ್ದರೆ ಬಿಸಾಡಬೇಡಿ. ಬಟ್ಟೆ ಮಾಸ್ಕ್ ಈ ಕಣಗಳನ್ನು ಅಷ್ಟಾಗಿ ತಡೆಯುವುದಿಲ್ಲ.

ಪ್ರಶ್ನೆ (ಜಯನಗರದ ಹಿರಿಯರು): ಫೋನಿನಲ್ಲಿ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, 100 ಅಂತ ತೋರಿಸಿದರೆ ವಾಕಿಂಗ್ ಹೋಗಬಹುದೇ?

ಉತ್ತರ: ಹೋಗಬಹುದು ಸರ್. ನಮ್ಮ ದೇಶದ ಲೆಕ್ಕದಲ್ಲಿ 51ರಿಂದ 100 ಅಂದರೆ ತೃಪ್ತಿಕರ. ಪಿಎಂ 2.5 ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೆ 100 ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ಹಾಗಾಗಿ ತೃಪ್ತಿಕರ ಅಂದರೆ ಪೂರ್ತಿ ಶುದ್ಧ ಅಂತಲ್ಲ. ಎದೆಯ ತೊಂದರೆ ಇದ್ದರೆ ಮುಖ್ಯರಸ್ತೆ ಬಿಟ್ಟು ನಡೆಯಿರಿ.

ಪ್ರಶ್ನೆ (ಬಾಪೂಜಿನಗರದ ತಾಯಿ): ಮೇಡಂ, ಕೊನೆಯದಾಗಿ. ಮಗನನ್ನು ಆಟಕ್ಕೆ ಯಾವ ಹೊತ್ತಿಗೆ ಬಿಡಲಿ?

ಉತ್ತರ: ಚಳಿಗಾಲದಲ್ಲಿ ನಸುಕಿನ ಗಾಳಿ ತಂಪಾಗಿದ್ದರೂ ಹೊಗೆ ನೆಲಕ್ಕೇ ಅಂಟಿಕೊಂಡಿರುತ್ತದೆ. ಬಿಸಿಲೇರಿದ ಮೇಲೆ, ಮಧ್ಯಾಹ್ನ ಕಳೆದು ನಾಲ್ಕರ ಸುಮಾರಿಗೆ ಬಿಡಿ. ಬೇಸಿಗೆಯಲ್ಲಿ ಮಧ್ಯಾಹ್ನ ಓಝೋನ್ ಜಾಸ್ತಿ, ಐದೂವರೆ ಆಗಲಿ. ಹೊತ್ತಿಗಿಂತ ಜಾಗ ಮುಖ್ಯ. ಮುಖ್ಯರಸ್ತೆಯಿಂದ ಇನ್ನೂರು ಮುನ್ನೂರು ಮೀಟರ್ ಒಳಗೆ ಹೋದರೆ ಗಾಡಿ ಹೊಗೆ ಬಹಳ ತೆಳುವಾಗುತ್ತದೆ.

ಬಾಪೂಜಿನಗರದ ತಾಯಿ: ಮನೆ ಹಿಂದೆ ಎರಡು ಬೀದಿ ಒಳಗೆ ಒಂದು ಚಿಕ್ಕ ಪಾರ್ಕ್ ಇದೆ.

ಉತ್ತರ: ಅಲ್ಲಿಗೇ ಕರೆದುಕೊಂಡು ಹೋಗಿ. ಇನ್‌ಹೇಲರ್ ನಿಮ್ಮ ಚೀಲದಲ್ಲಿ ಇರಲಿ, ಡಾಕ್ಟರು ಬರೆದ ಔಷಧ ನಿಲ್ಲಿಸಬೇಡಿ. ಪಾರ್ಕಿನ ಮೂಲೆಯಲ್ಲಿ ಯಾರಾದರೂ ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಿದ್ದರೆ, ಸುಡುವುದರ ಬದಲು ಗೊಬ್ಬರದ ಗುಂಡಿಗೆ ಹಾಕಲು ಹೇಳಿ. ಕೇಳದಿದ್ದರೆ ಈ ಗುಂಪಿನಲ್ಲಿ ಬರೆಯಿರಿ, ನಾನೂ ಬಂದು ಮಾತಾಡುತ್ತೇನೆ.