45 ಅಟ್-ಬ್ಯಾಟ್‌ಗೆ 18 ಹಿಟ್: ಈ 0.400 ಅನ್ನು ಎಷ್ಟು ನಂಬಬೇಕು?

ಲೆಕ್ಕದಹಾಳೆ:
1970ರ ಮೇಜರ್ ಲೀಗ್ (ಅಮೆರಿಕದ ಬೇಸ್‌ಬಾಲ್) ಸೀಸನ್ನಿನ ಶುರುವಿನಲ್ಲಿ ತಲಾ 45 ಅಟ್-ಬ್ಯಾಟ್ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) ಮುಗಿಸಿದ್ದ 18 ಆಟಗಾರರ ಪಟ್ಟಿ ಇದು, ಸಂಖ್ಯಾಶಾಸ್ತ್ರಜ್ಞರಾದ ಎಫ್ರಾನ್ ಮತ್ತು ಮಾರಿಸ್ ಬಳಸಿದ್ದು. ಹಿಟ್‌ಗಳು (ಚೆಂಡು ಹೊಡೆದು ಬೇಸ್ ತಲುಪಿದ್ದು): 18, 17, 16, 15, 14, 14, 13, 12, 11, 11, ಐದು ಜನರಿಗೆ 10, ಆಮೇಲೆ 9, 8, 7. ಮೇಲಿನ 18 ರಾಬರ್ಟೊ ಕ್ಲೆಮೆಂಟೆಯದು (ಆವರೇಜ್, ಅಂದರೆ ಹಿಟ್ ÷ ಅಟ್-ಬ್ಯಾಟ್, 0.400), ಕೊನೆಯಿಂದ ಎರಡನೆಯ 8 ಥರ್ಮನ್ ಮನ್ಸನ್‌ನದು (0.178). ಉಳಿದ ಸೀಸನ್ನಿನ ಆವರೇಜನ್ನು ಇಷ್ಟರಿಂದಲೇ ಅಂದಾಜಿಸುವುದು ಹೇಗೆ?

ನಾಣ್ಯಚಿಮ್ಮು:
ಮೊದಲು ಅದೃಷ್ಟದ ಪಾಲು ಎಷ್ಟೆಂದು ಅಳೆಯಿರಿ. ಒಟ್ಟು 810 ಅಟ್-ಬ್ಯಾಟ್‌ಗೆ 215 ಹಿಟ್, ಸರಾಸರಿ 0.265. ಹದಿನೆಂಟೂ ಜನ ನಿಜಕ್ಕೂ 0.265ರ ಆಟಗಾರರೇ ಆಗಿದ್ದರೂ 45 ಅಟ್-ಬ್ಯಾಟ್‌ನಲ್ಲಿ ಅಂಕಿ ಚದುರುತ್ತದೆ: 0.265 × 0.735 ÷ 45 = 0.00433. ಅದರ ವರ್ಗಮೂಲ 0.066. ಕ್ಲೆಮೆಂಟೆ ಸರಾಸರಿಗಿಂತ ಮೇಲಿರುವುದು ಇಂಥ ಎರಡು ಹೆಜ್ಜೆ ಮಾತ್ರ. 18 ಜನರ ಪೈಕಿ ಎಲ್ಲರಿಗಿಂತ ಮೇಲಿರುವವನು ಅಷ್ಟು ದೂರ ಹೋಗುವುದು ಏನೂ ಅಪರೂಪವಲ್ಲ.

ಈಗ ಒಬ್ಬೊಬ್ಬರ ಆವರೇಜಿನಿಂದ 0.265 ಕಳೆದು, ವರ್ಗ ಮಾಡಿ, ಕೂಡಿಸಿ. ಸುಮಾರು 0.0825 ಬರುತ್ತದೆ. ಅದೃಷ್ಟದ ಪಾಲು 15 × 0.00433 = 0.065 (ಈ ಸೂತ್ರದಲ್ಲಿ 18ರಿಂದ 3 ಕಳೆಯಬೇಕು). 0.065 ÷ 0.0825 = 0.788. 1ರಲ್ಲಿ ಉಳಿದ 0.212 ಮಾತ್ರ, ಸರಾಸರಿಯಿಂದ ಇರುವ ಅಂತರದಲ್ಲಿ, ನೀವು ನಂಬಬಹುದಾದ ಪಾಲು.

ಕ್ಲೆಮೆಂಟೆ: 0.265 + 0.212 × 0.135 = 0.294
ಮನ್ಸನ್: 0.265 − 0.212 × 0.087 = 0.247

ಉಳಿದ ಸೀಸನ್ನಿನಲ್ಲಿ ಮನ್ಸನ್ ಹೊಡೆದದ್ದು 0.316. ಕಚ್ಚಾ ಅಂಕಿ ನಂಬಿದ್ದರೆ ತಪ್ಪು 0.138, ಹೀಗೆ ಕುಗ್ಗಿಸಿದಾಗ 0.069. ಹದಿನೆಂಟೂ ಜನರ ತಪ್ಪಿನ ವರ್ಗಗಳ ಮೊತ್ತ 0.077ರಿಂದ 0.022ಕ್ಕೆ ಇಳಿಯುತ್ತದೆ. ಇಷ್ಟು ಸರಳ ಲೆಕ್ಕಕ್ಕೆ ಇಷ್ಟು ದೊಡ್ಡ ಫಲ ಸಿಗುವುದು ಸಂಖ್ಯಾಶಾಸ್ತ್ರದಲ್ಲಿ ವಿರಳ.

ಮೂರನೇಬೇಸ್:
ಕ್ಲೆಮೆಂಟೆಯ ವಿಷಯದಲ್ಲಿ ಮಾತ್ರ ಈ ವಿಧಾನದಿಂದ ಹೆಚ್ಚೇನೂ ಲಾಭವಾಗಲಿಲ್ಲ. ಅವನು ಮುಂದೆ ಹೊಡೆದದ್ದು 0.346, ಕಚ್ಚಾ ಅಂಕಿಯ ತಪ್ಪು 0.054, ಕುಗ್ಗಿಸಿದ್ದರದು 0.052. ಕಾರಣ ಸ್ಪಷ್ಟ: 1961, 64, 65, 67ರಲ್ಲಿ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಬ್ಯಾಟಿಂಗ್ ಕಿರೀಟ, ಅಂದರೆ ಅತಿ ಹೆಚ್ಚು ಆವರೇಜಿನ ಗೌರವ, ಗೆದ್ದವನನ್ನು ಸಾಧಾರಣ ಆಟಗಾರರ ಸರಾಸರಿಯತ್ತ ಎಳೆದಿದ್ದೀರಿ. ಹಳೆಯ ದಾಖಲೆ ಇರುವವರನ್ನು ಅವರದೇ ಹಿಂದಿನ ವರ್ಷಗಳ ಆವರೇಜಿನ ಕಡೆಗೆ ಎಳೆಯಿರಿ; ಗುಂಪಿನ ಸರಾಸರಿ ಹೊಸಬರಿಗೆ ಇರಲಿ.

ಎಲ್ಲರ ಅಟ್-ಬ್ಯಾಟ್ ಒಂದೇ ಇಲ್ಲದಿದ್ದರೆ 0.212 ಹಾಕಬೇಡಿ. 45 ÷ (45 + 167) = 0.212 ಆಗುವುದರಿಂದ, ಪ್ರತಿಯೊಬ್ಬನಿಗೂ ಸರಾಸರಿ ಆಟದ 167 ಅಟ್-ಬ್ಯಾಟ್, ಅಂದರೆ 44.3 ಹಿಟ್, ಸೇರಿಸಿದರೆ ಸಾಕು: (ಹಿಟ್ + 44.3) ÷ (ಅಟ್-ಬ್ಯಾಟ್ + 167). 400 ಅಟ್-ಬ್ಯಾಟ್ ಆದವನಿಗೆ ನಂಬಿಕೆಯ ಪಾಲು 0.705ಕ್ಕೆ ಏರುತ್ತದೆ. ಆದರೆ ಆ 167 ಬರೀ 18 ಜನರಿಂದ ಬಂದದ್ದು, ಗಟ್ಟಿಯಲ್ಲ. ನೂರಾರು ಆಟಗಾರರ ಅಂಕಿ ಹಾಕಿ ಮತ್ತೆ ತೆಗೆಯಿರಿ. ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್), ಸ್ಯಾಕ್ರಿಫೈಸ್ (ತಾನು ಔಟಾಗಿ ಜೊತೆಗಾರನನ್ನು ಮುಂದೆ ಸಾಗಿಸುವ ಹೊಡೆತ), ಹಿಟ್-ಬೈ-ಪಿಚ್ (ಎಸೆತ ಮೈಗೆ ತಗುಲಿ ಸಿಗುವ ಬೇಸ್) ಅಟ್-ಬ್ಯಾಟ್‌ಗೆ ಸೇರುವುದಿಲ್ಲ. ಇವೆಲ್ಲ ಸೇರಿದ ಪ್ಲೇಟ್ ಅಪಿಯರೆನ್ಸ್ (ಒಟ್ಟು ಸರದಿ) ಕಾಲಮ್ಮಿನಿಂದ ಭಾಗಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಲೆಕ್ಕದಹಾಳೆ:
ಇಬ್ಬರಿಗೂ ಧನ್ಯವಾದ. ಕ್ರಿಕೆಟ್ ಆವರೇಜಿಗೂ ಇದೇ ಸೂತ್ರ ನಡೆಯುತ್ತದೆಯೇ?

ನಾಣ್ಯಚಿಮ್ಮು:
ಇದ್ದಂತೆಯೇ ನಡೆಯುವುದಿಲ್ಲ. ಬೇಸ್‌ಬಾಲ್‌ನಲ್ಲಿ ಪ್ರತಿ ಅಟ್-ಬ್ಯಾಟ್‌ಗೂ ಹಿಟ್ ಅಥವಾ ಇಲ್ಲ, ಎರಡೇ ಉತ್ತರ, ಮೇಲಿನ 0.265 × 0.735 ನಿಂತಿರುವುದೇ ಅದರ ಮೇಲೆ. ಕ್ರಿಕೆಟ್ ಆವರೇಜ್ ಎಂದರೆ ರನ್ ಭಾಗಿಸು ಔಟ್, ಒಂದು ಇನಿಂಗ್ಸ್ ಸೊನ್ನೆಯೂ ಆಗಬಹುದು, ಇನ್ನೂರೂ ಆಗಬಹುದು. ಅಲ್ಲಿ ಚದುರುವಿಕೆಯನ್ನು ಇನಿಂಗ್ಸ್‌ಗಳ ಸ್ಕೋರಿನಿಂದಲೇ ಅಳೆಯಬೇಕು. ಡಾಟ್ ಬಾಲ್ ಪ್ರಮಾಣದಂಥ ಹೌದು-ಇಲ್ಲ ಅಂಕಿಗಾದರೆ ಇದೇ ಸೂತ್ರ ಹಾಕಬಹುದು. 167ರ ಜಾಗಕ್ಕೆ ಬರುವ ಸಂಖ್ಯೆಯನ್ನು ಮಾತ್ರ ಆ ಅಂಕಿಗಳಿಂದಲೇ ಹೊಸದಾಗಿ ತೆಗೆಯಬೇಕು.