ಬಿಲಿರುಬಿನ್ ಇಬ್ಬರಿಗೂ ಏಳು, ಒಬ್ಬರಿಗೆ ಮಾತ್ರ ಐಸಿಯು: ಯಾಕೆ?

ತುಂಗಾತೀರ (ಪ್ರಶ್ನೆ)

ಎರಡು ರಿಪೋರ್ಟ್ ಹಾಕುತ್ತಿದ್ದೇನೆ, ಬಲ್ಲವರು ಬಿಡಿಸಿ ಹೇಳಿ.

ಒಂದು: 22ರ ಹುಡುಗ, ಬೆಂಗಳೂರಿನಲ್ಲಿ ಪಿಜಿ ವಾಸ. ಮೊದಲು ಸಣ್ಣ ಜ್ವರ, ಆಮೇಲೆ ವಾಕರಿಕೆ, ಊಟ ಕಂಡರೆ ಆಗದು, ಈಗ ಕಣ್ಣು ಹಳದಿ. ಟೋಟಲ್ ಬಿಲಿರುಬಿನ್ (ಕಣ್ಣು ಹಳದಿ ಮಾಡುವ ಬಣ್ಣ) 7.2, ಡೈರೆಕ್ಟ್ (ಅದರಲ್ಲಿ ಲಿವರ್ ಸಂಸ್ಕರಿಸಿದ ಪಾಲು) 5.1, ಎಸ್‌ಜಿಪಿಟಿ 1640, ಎಸ್‌ಜಿಒಟಿ 1180 (ಇವೆರಡೂ ಲಿವರ್ ಟೆಸ್ಟಿನ ಕಿಣ್ವಗಳು), ಆಲ್ಕಲೈನ್ ಫಾಸ್ಫಟೇಸ್ (ಪಿತ್ತನಾಳ ಕಟ್ಟಿದರೆ ಏರುವ ಕಿಣ್ವ) 148, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 1.1.

ಎರಡು: 45 ವರ್ಷದವರು, ಗದ್ದೆ-ತೋಟದ ಕೆಲಸ. ಐದು ದಿನದಿಂದ ಜೋರು ಜ್ವರ, ಮೀನಖಂಡ ಮುಟ್ಟಿಸಿಕೊಳ್ಳುವುದಿಲ್ಲ. ಟೋಟಲ್ 7.4, ಡೈರೆಕ್ಟ್ 5.8, ಎಸ್‌ಜಿಪಿಟಿ 96, ಎಸ್‌ಜಿಒಟಿ 132, ಪ್ಲೇಟ್‌ಲೆಟ್ 58,000, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) 2.9.

ಎಸ್‌ಜಿಪಿಟಿ ಸಾವಿರ ದಾಟಿದವನನ್ನು ಮನೆಗೆ ಕಳಿಸಿದ್ದಾರೆ, ನೂರು ಮುಟ್ಟದವರನ್ನು ಐಸಿಯುಗೆ ಹಾಕಿದ್ದಾರೆ. ಎರಡೂ ಮನೆಯವರದು ಒಂದೇ ಮಾತು: "ಕಾಮಾಲೆ ತಾನೇ, ನೆಲನೆಲ್ಲಿ ಅರೆದು ಕುಡಿಸಿದರಾಯಿತು."

ಸ್ಟೆತೋಸ್ಕೋಪು

ಎರಡೂ ಕಡೆ ಸರಿಯಾಗಿಯೇ ಮಾಡಿದ್ದಾರೆ.

ಹುಡುಗನದು ಬಹುತೇಕ ಹೆಪಟೈಟಿಸ್ ಎ, ಇಲ್ಲವೇ ಇ. ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಿರುವ ಕಿಣ್ವ, ಕೋಶ ಒಡೆದರೆ ರಕ್ತಕ್ಕೆ ಸೋರುತ್ತದೆ. ಸಾವಿರ ದಾಟಿತು ಅಂದರೆ ಮುಖ್ಯ ಕಾರಣಗಳು ಕೆಲವೇ: ವೈರಸ್, ಪ್ಯಾರಸಿಟಮಾಲ್ ಅತಿಯಾಗಿದ್ದು ಅಥವಾ ಬೇರೆ ಔಷಧಿಯ ಪೆಟ್ಟು, ಬಿಪಿ ಕುಸಿದು ಲಿವರ್‌ಗೆ ರಕ್ತ ಸಾಲದೇ ಹೋಗಿದ್ದು. ಕುಡಿತದಿಂದಾದ ಹೆಪಟೈಟಿಸ್‌ನಲ್ಲಿ ಎಸ್‌ಜಿಒಟಿಯೇ ಮುಂದೆ, ಸಾಮಾನ್ಯವಾಗಿ ಎಸ್‌ಜಿಪಿಟಿಯ ಎರಡರಷ್ಟು, ಮತ್ತು ಎರಡೂ 400 ದಾಟುವುದು ಅಪರೂಪ. ಹಾಗಾಗಿ 1640 ಬಂದಿದ್ದಕ್ಕೆ "ಪಾರ್ಟಿ ಮಾಡಿದ್ದ" ಅಂತ ಷರಾ ಬರೆದು ಮುಗಿಸುವಂತಿಲ್ಲ. ಕೇಳಬೇಕಾದ ಟೆಸ್ಟುಗಳು ಎ ಮತ್ತು ಇ ವೈರಸ್‌ಗಳ ಐಜಿಎಂ (ಹೊಸ ಸೋಂಕಿಗೆ ಮೊದಲು ಹುಟ್ಟುವ ಆಂಟಿಬಾಡಿ), ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ, ಬಿ ಕೋರ್ ಐಜಿಎಂ. ಹೆಪಟೈಟಿಸ್ ಎ ಟೋಟಲ್ ಆಂಟಿಬಾಡಿ ಮಾಡಿಸಿದರೆ ದುಡ್ಡು ದಂಡ. ಚಿಕ್ಕಂದಿನಲ್ಲೇ ಬಂದು ಹೋಗಿದ್ದರೂ ಅದು ಪಾಸಿಟಿವ್ ಬರುತ್ತದೆ.

ಅವನನ್ನು ಮನೆಗೆ ಕಳಿಸುವ ಧೈರ್ಯ ಬಂದಿದ್ದು ಐಎನ್‌ಆರ್ 1.1 ನೋಡಿ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ರೇ ತಯಾರಿಸಬೇಕು. ಅದರಲ್ಲಿ ಏಳನೇ ಅಂಶದ ಅರ್ಧಾಯುಷ್ಯ ಸುಮಾರು ಆರು ಗಂಟೆ, ಹಾಗಾಗಿ ಲಿವರ್ ಕೈಬಿಟ್ಟರೆ ಒಂದೆರಡು ದಿನದಲ್ಲೇ ಐಎನ್‌ಆರ್ ಏರುತ್ತದೆ. ಅಲ್ಬುಮಿನ್‌ನ ಅರ್ಧಾಯುಷ್ಯ ಇಪ್ಪತ್ತು ದಿನದ ಹತ್ತಿರ, ಈ ಹಂತದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಮರುಪರೀಕ್ಷೆಯಲ್ಲಿ ಎಸ್‌ಜಿಪಿಟಿ 1640ರಿಂದ 300ಕ್ಕೆ ಇಳಿದರೆ ಮನೆಯವರಿಗೆ ಸಮಾಧಾನ. ಬಿಲಿರುಬಿನ್, ಐಎನ್‌ಆರ್ ಕೂಡ ಇಳಿಯುತ್ತಿದ್ದರೆ ಸಂತೋಷವೇ. ಅವೆರಡು ಏರುತ್ತಾ ಎಸ್‌ಜಿಪಿಟಿ ಮಾತ್ರ ಇಳಿದರೆ, ಒಡೆಯಲು ಕೋಶಗಳೇ ಹೆಚ್ಚು ಉಳಿದಿಲ್ಲ ಎಂದು ಹೆದರಬೇಕು. ಐಎನ್‌ಆರ್ 1.5 ದಾಟಿ, ಜೊತೆಗೆ ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಮಾತಿನಲ್ಲಿ ಗೊಂದಲ ಕಂಡರೆ ಲಿವರ್ ಕಸಿ ಸೌಲಭ್ಯವಿರುವ ಆಸ್ಪತ್ರೆಗೆ ಅಂದೇ ಹೊರಡಬೇಕು. ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಬಂದರೆ ಸಂಖ್ಯೆ ಎಷ್ಟೇ ಇರಲಿ ಮನೆಯಲ್ಲಿ ಇಟ್ಟುಕೊಳ್ಳಬಾರದು.

ಎರಡನೆಯದು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಅನ್ನಿಸುತ್ತದೆ. ಮಳೆಗಾಲ ಮತ್ತು ಅದರ ಬೆನ್ನಿಗೇ ಮಲೆನಾಡು, ಕರಾವಳಿಯಲ್ಲಿ ಜ್ವರದ ಜೊತೆ ಕಾಮಾಲೆ ಕಂಡರೆ ಇದು ಮೊದಲು ನೆನಪಾಗಬೇಕು. ಬಿಲಿರುಬಿನ್ ಎತ್ತರ, ಎಸ್‌ಜಿಪಿಟಿ 200ರೊಳಗೆ, ಕಿಡ್ನಿಗೆ ಪೆಟ್ಟು, ಪ್ಲೇಟ್‌ಲೆಟ್ ಇಳಿತ, ಮೀನಖಂಡದ ನೋವು. ಇಷ್ಟೂ ಒಟ್ಟಿಗೆ ವೈರಲ್ ಹೆಪಟೈಟಿಸ್‌ನಲ್ಲಿ ಸಿಗುವುದು ಕಷ್ಟ, ಐಸಿಯು ಬೇಕಾಗಿದ್ದೂ ಎಸ್‌ಜಿಪಿಟಿ ನೋಡಿ ಅಲ್ಲ, ಕಿಡ್ನಿ, ಪ್ಲೇಟ್‌ಲೆಟ್ ನೋಡಿ. ಕೀವಿಲ್ಲದೆ ಕಣ್ಣು ಕೆಂಪಾಗಿತ್ತೇ ಕೇಳಿ, ಸಿಪಿಕೆ (ಸ್ನಾಯುವಿನ ಹಾನಿ ತೋರಿಸುವ ಕಿಣ್ವ) ಮಾಡಿಸಿದ್ದಾರೆಯೇ ನೋಡಿ. ಐಜಿಎಂ ಪಾಸಿಟಿವ್ ಆಗಲು ಐದರಿಂದ ಏಳು ದಿನ ಬೇಕು, ಅದಕ್ಕೂ ಮೊದಲಿನ ನೆಗೆಟಿವ್‌ಗೆ ಬೆಲೆಯಿಲ್ಲ. ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಅನ್ನು ರಿಪೋರ್ಟಿಗೆ ಕಾಯದೆ ಶುರುಮಾಡುತ್ತಾರೆ. ಮಲೇರಿಯಾ ಸ್ಮಿಯರ್ ಕೂಡ ಆಗಿರಲಿ.

ಟೆಸ್ಟ್‌ಟ್ಯೂಬ್

ಲ್ಯಾಬ್ ಕಡೆಯಿಂದ ಎರಡು ಮಾತು. ಐಎನ್‌ಆರ್‌ಗೆ ನೀಲಿ ಮುಚ್ಚಳದ ಟ್ಯೂಬ್: ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅಂದರೆ 2.7 ಮಿ.ಲೀ. ರಕ್ತಕ್ಕೆ 0.3. ಗೆರೆ ಮುಟ್ಟುವಷ್ಟು ರಕ್ತ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಐಎನ್‌ಆರ್ ಸುಳ್ಳೇ ಏರುತ್ತದೆ. ಬಿಲಿರುಬಿನ್‌ಗೆ ಬೆಳಕು ಆಗದು. ಸ್ಯಾಂಪಲ್ ಕಿಟಕಿ ಪಕ್ಕ ಬಿಸಿಲಿಗೆ ಕೂತರೆ ಸಂಖ್ಯೆ ಇಳಿದೇ ಬರುತ್ತದೆ. ರಕ್ತ ಎಳೆಯುವಾಗ ಕೆಂಪು ಕಣ ಒಡೆದರೆ ಎಸ್‌ಜಿಒಟಿ ಏರುತ್ತದೆ. ಏರಿಳಿತ ಹೋಲಿಸುವುದಿದ್ದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಡೈರೆಕ್ಟ್ ತೀರಾ ಕಡಿಮೆಯಿದ್ದು ಇನ್‌ಡೈರೆಕ್ಟ್ (ಟೋಟಲ್‌ನಲ್ಲಿ ಡೈರೆಕ್ಟ್ ಕಳೆದು ಉಳಿದದ್ದು) ಮಾತ್ರ ಹೆಚ್ಚಿದ್ದರೆ ಕಥೆಯೇ ಬೇರೆ. ಆಗ ಮೂತ್ರಕ್ಕೆ ಬಿಲಿರುಬಿನ್ ಇಳಿಯುವುದಿಲ್ಲ. ಹಿಮೋಗ್ಲೋಬಿನ್, ರೆಟಿಕ್ಯುಲೊಸೈಟ್ (ಎಳೆಯ ಕೆಂಪು ಕಣ), ಎಲ್‌ಡಿಎಚ್ (ಕಣ ಒಡೆದರೆ ಏರುವ ಕಿಣ್ವ) ನೋಡಿ ಕೆಂಪು ಕಣ ಒಡೆಯುತ್ತಿದೆಯೇ ಹುಡುಕಬೇಕು. ಅವೆಲ್ಲ ಸರಿಯಿದ್ದು, ಉಪವಾಸದಲ್ಲಿ ಮಾತ್ರ ಎರಡು-ಮೂರಕ್ಕೆ ಏರುವುದಾದರೆ ಅದು ಗಿಲ್ಬರ್ಟ್ ಸಿಂಡ್ರೋಮ್, ಹುಟ್ಟಿನಿಂದ ಬಂದ ನಿರಪಾಯ ಗುಣ, ಚಿಕಿತ್ಸೆ ಬೇಡ.

ಪಿತ್ತನಾಳ

ಇಬ್ಬರಿಗೂ ಇಲ್ಲದ ಮೂರನೇ ಬಗೆಯನ್ನೂ ಸೇರಿಸುತ್ತೇನೆ, ಏಕೆಂದರೆ ಹೆಚ್ಚು ತಡವಾಗುವುದು ಇದರಲ್ಲೇ. ಮಲ ಸುಣ್ಣದ ಬಣ್ಣ, ಮೂತ್ರ ಕಡು ಹಳದಿ, ಮೈತುಂಬ ತುರಿಕೆ, ಆಲ್ಕಲೈನ್ ಫಾಸ್ಫಟೇಸ್ ಮೂರು-ನಾಲ್ಕು ಪಟ್ಟು: ಪಿತ್ತನಾಳ ಕಟ್ಟಿಕೊಂಡಿದೆ. ಆರು ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಅಲ್ಟ್ರಾಸೌಂಡ್ ಮಾಡಿಸಬೇಕು, ಉಂಡರೆ ಪಿತ್ತಕೋಶ ಕುಗ್ಗಿ ಕಲ್ಲು ಕಾಣುವುದಿಲ್ಲ. ನಾಳ ಹಿಗ್ಗಿದೆ, ಕಲ್ಲು ಕಾಣಲಿಲ್ಲ ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ನಾಳದ ಕೆಳತುದಿಯನ್ನು ಕರುಳಿನ ಗಾಳಿ ಮರೆಮಾಡುತ್ತದೆ, ಮುಂದಿನದು ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ). ಚಳಿಜ್ವರ, ಬಲಪಕ್ಕೆಯ ನೋವು, ಕಾಮಾಲೆ ಮೂರೂ ಸೇರಿದರೆ ನಾಳದಲ್ಲಿ ಸೋಂಕು, ತುರ್ತಾಗಿ ಬಸಿಯಬೇಕು. ನೋವೇ ಇಲ್ಲದೆ ದಿನೇ ದಿನೇ ಏರುತ್ತಾ ತೂಕ ಇಳಿದರೆ ಮೇದೋಜ್ಜೀರಕದ ತಲೆಭಾಗಕ್ಕೆ ಸಿಟಿ ಆಗಲೇಬೇಕು.

ಇದರಲ್ಲೂ ಐಎನ್‌ಆರ್ ಏರುತ್ತದೆ, ಕಾರಣ ಬೇರೆ. ಪಿತ್ತವಿಲ್ಲದೆ ಕರುಳು ವಿಟಮಿನ್ ಕೆ ಹೀರುವುದಿಲ್ಲ. 10 ಮಿ.ಗ್ರಾಂ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಮರುದಿನ ನೋಡಿದರೆ ಇಳಿದಿರುತ್ತದೆ. ಲಿವರ್ರೇ ಸೋತಿದ್ದರೆ ಅಷ್ಟಾಗಿ ಇಳಿಯದು.

ತುಂಗಾತೀರ

ಧನ್ಯವಾದ. ನೆಲನೆಲ್ಲಿ ವಿಷಯ? ಹುಡುಗನಿಗೆ ಉಪ್ಪು, ಎಣ್ಣೆ, ಅರಿಶಿನ ಬಿಡಿಸಿದ್ದಾರೆ. ಮೂತ್ರ ತಿಳಿಯಾಗಿದೆ, ಕಣ್ಣು ಹಾಗೇ ಹಳದಿ.

ಸ್ಟೆತೋಸ್ಕೋಪು

ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಆ ನಡುವೆ ಏನು ಕುಡಿಸಿದರೂ ಅದಕ್ಕೇ ಹೆಸರು. ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವೈರಸ್ ಹೋಗುತ್ತದೆಂದು 1988ರಲ್ಲಿ ಮದ್ರಾಸಿನಿಂದ ಒಂದು ಅಧ್ಯಯನ ಬಂತು, ಮುಂದಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ನನಗೆ ಹೆಚ್ಚು ಭಯ ಹೆಸರು ಗೊತ್ತಿಲ್ಲದ ಪುಡಿ, ಕಷಾಯಗಳದು. ಅಮೃತಬಳ್ಳಿಯಿಂದಲೂ ಲಿವರ್ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ಪ್ರಕಟಿಸಿದ್ದಾರೆ. ಕೈಗೆ ಬರೆ ಹಾಕಿಸಿದರೆ ಹುಣ್ಣಾಗಿ ಸೋಂಕಾದೀತು, ಅಷ್ಟೇ ಲಾಭ.

ಪಥ್ಯ ಬಿಡಿಸಿ. ಅನ್ನ, ಬೇಳೆ, ಮೊಸರು, ಮೊಟ್ಟೆ, ಅಡುಗೆಗೆ ಬೇಕಾದಷ್ಟು ಎಣ್ಣೆ ಎಲ್ಲವೂ ಆಗುತ್ತದೆ. ವಾಕರಿಕೆ ಸಂಜೆಗೆ ಹೆಚ್ಚು, ಬೆಳಗ್ಗೆಯೇ ಹೊಟ್ಟೆ ತುಂಬಿಸಿ. ಮದ್ಯ ಪೂರ್ತಿ ಬಂದ್. ಜ್ವರಕ್ಕೆ ಪ್ಯಾರಸಿಟಮಾಲ್ ವೈದ್ಯರನ್ನು ಕೇಳಿಯೇ, ದಿನಕ್ಕೆ 2 ಗ್ರಾಂ ಮೀರದಂತೆ.

ಕಣ್ಣಿನ ಹಳದಿ ಹಿಂದೆ ಬೀಳುವುದು ಸಹಜ. ಡೈರೆಕ್ಟ್ ಬಿಲಿರುಬಿನ್‌ನ ಒಂದು ಪಾಲು ಅಲ್ಬುಮಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮೂತ್ರಕ್ಕೆ ಇಳಿಯದು, ಅಲ್ಬುಮಿನ್ ಜೊತೆಗೇ ವಾರಗಟ್ಟಲೆ ರಕ್ತದಲ್ಲಿ ತಿರುಗುತ್ತದೆ.

ಪಿಜಿಯವರಿಗೂ ತಿಳಿಸಿ. ಸಂಪಿನ ಸಾವಿರ ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ, ಹಾಕಿ ಒಂದು ಗಂಟೆ ಬಿಟ್ಟು ಬಳಸಲಿ, ಕುಡಿಯುವುದನ್ನು ಕುದಿಸಲಿ. ಐಜಿಎಂನಲ್ಲಿ ಎ ಎಂದು ಖಚಿತವಾದರೆ, ಲಸಿಕೆ ಹಾಕಿಸಿಕೊಳ್ಳದ ರೂಮ್‌ಮೇಟ್‌ಗಳು ಎರಡು ವಾರದೊಳಗೆ ಹೆಪಟೈಟಿಸ್ ಎ ಲಸಿಕೆ ಹಾಕಿಸಿಕೊಂಡರೆ ಕೆಲಸಕ್ಕೆ ಬರುತ್ತದೆ.