ಅಪ್‌ಡೇಟ್: ದಾವಣಗೆರೆಯ ಓದುವ ಮನೆಗೆ ಕುಟುಂಬ ಟ್ರಸ್ಟಿನ ನೆರವು

ನಮ್ಮ ಬಡಾವಣೆಯ ಮಕ್ಕಳ ಓದುವ ಮನೆಗೆ ಊರಿನದೇ ಒಂದು ಕುಟುಂಬದ ದತ್ತಿ ಟ್ರಸ್ಟಿನಿಂದ ಶಾಶ್ವತ ನಿಧಿ (ಅಸಲು ಮುಟ್ಟದೆ ಅದರ ಬಡ್ಡಿಯನ್ನಷ್ಟೇ ಬಳಸುವ ಹಣ) ಕೇಳಬಹುದೇ ಎಂದು ವಿಚಾರಿಸಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ವಂದನೆ. ಹಣ ಮಂಜೂರಾಗಿದೆ, ಆದರೆ ನಿಧಿಯಾಗಿ ಅಲ್ಲ.

ಕಾರಣವನ್ನು ಅವರ ಲೆಕ್ಕಪರಿಶೋಧಕರೇ ಬಿಡಿಸಿ ಹೇಳಿದರು. ಆದಾಯ ತೆರಿಗೆ ವಿನಾಯಿತಿ ಉಳಿಯಬೇಕಾದರೆ ದತ್ತಿ ಟ್ರಸ್ಟು ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಸತ್ಕಾರ್ಯಕ್ಕೆ ಬಳಸಬೇಕು. ಇನ್ನೊಂದು ನೋಂದಾಯಿತ ಸಂಸ್ಥೆಗೆ ಇಂಥ ಶಾಶ್ವತ ನಿಧಿಯಾಗಿ ಕೊಟ್ಟದ್ದು ಆ ಬಳಕೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಸಾಮಾನ್ಯ ದೇಣಿಗೆಯಾದರೂ 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ ನೂರು ರೂಪಾಯಿ ಕೊಟ್ಟರೆ 85 ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ತಾವೇ ನೇರವಾಗಿ ಖರ್ಚು ಮಾಡಿದರೆ ಈ ಕಡಿತವಿಲ್ಲ. ಹಾಗಾಗಿ ದೊಡ್ಡ ಮನೆತನಗಳು ಸಣ್ಣ ಸಂಘಗಳಿಗೆ ಕೊಡುವುದಕ್ಕಿಂತ ತಮ್ಮದೇ ಶಾಲೆ, ಆಸ್ಪತ್ರೆ ನಡೆಸುವತ್ತ ವಾಲುವುದರಲ್ಲಿ ಹೆಸರಿನ ಆಸೆಯೊಂದೇ ಕೆಲಸ ಮಾಡುತ್ತಿಲ್ಲ. (ಹೆಸರಿನ ಆಸೆ ಇಲ್ಲವೆಂದೇನೂ ಅಲ್ಲ, ಫಲಕದ ಅಳತೆಯ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು.)

ಕೊನೆಗೆ ಒಪ್ಪಂದವಾದದ್ದು ಹೀಗೆ: ಗ್ರಂಥಪಾಲಕಿಯ ಸಂಬಳ ಮತ್ತು ಬಾಡಿಗೆಯನ್ನು ವರ್ಷಕ್ಕೊಮ್ಮೆ ನಮಗೆ ದೇಣಿಗೆಯಾಗಿ ಕೊಡುತ್ತಾರೆ, ಪುಸ್ತಕ, ಕಪಾಟುಗಳನ್ನು ಅವರೇ ಕೊಂಡು ಒದಗಿಸುತ್ತಾರೆ. ಸಂಬಳಕ್ಕೆ ಕೊಡುವ ದಾನಿಗಳು ಅಪರೂಪ, ಅದಕ್ಕಾಗಿ ಫಲಕ ಎಷ್ಟು ದೊಡ್ಡದಾದರೂ ನನಗೆ ತಕರಾರಿಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ನಮಗಿರುವ ತಾತ್ಕಾಲಿಕ ನೋಂದಣಿ ಮುಗಿಯುವ ಮುನ್ನ ಕಾಯಂ ಮಾಡಿಸಿಕೊಳ್ಳಬೇಕೆಂಬ ಷರತ್ತೂ ಇದೆ. ಅರ್ಜಿ ಈಗಾಗಲೇ ಸಲ್ಲಿಕೆಯಾಗಿದೆ.